ಮನೆಯ ದೀಪಗಳ ಹದ

ಸಾರಿಗೆ ಉಪ್ಪು ಎಷ್ಟು, ಹಾಲಿಗೆ ಹೆಪ್ಪು ಎಷ್ಟು, ಒಲೆಗೆ ಉರಿ ಎಷ್ಟು ಎಂಬ ವಿಷಯಗಳಲ್ಲಿ ನಮ್ಮ ಗೃಹಿಣಿಯರಿಗೆ ಉಪದೇಶ ಮಾಡಲು ಹೊರಡುವಷ್ಟು ಧಾರ್ಷ್ಟ್ಯ ನನಗಿಲ್ಲ. ಹದವೆಂಬುದು ಅವರ ಕೈಯಲ್ಲಿಯೇ ಇರುವುದು. ಆದರೆ ಅದೇ ಮನೆಯ ದೀಪಗಳ ವಿಷಯಕ್ಕೆ ಬಂದರೆ ಹದವೆಂಬ ಮಾತೇ ಇಲ್ಲ. ಗೋಡೆಯ ಗುಂಡಿಯನ್ನು ಒಮ್ಮೆ ಒತ್ತಿದರೆ ಪೂರ್ಣಪ್ರಕಾಶ. ಮತ್ತೊಮ್ಮೆ ಒತ್ತಿದರೆ ಪೂರ್ಣಾಂಧಕಾರ. ಇವೆರಡರ ಮಧ್ಯೆ ಮೂರನೆಯ ಅವಸ್ಥೆಯಿಲ್ಲ. ಓದುವ ಹುಡುಗನಿಗೂ, ಜ್ವರದಿಂದ ಮಲಗಿರುವ ಮಗುವಿಗೂ, ಕಣ್ಣಿಗೆ ಪೊರೆ ಬಂದಿರುವ ಅಜ್ಜಿಗೂ ಒಂದೇ ಬೆಳಕು. ಮನೆಮಂದಿಗೆಲ್ಲ ಒಂದೇ ಅಳತೆಯ ಅಂಗಿಯನ್ನು ಹೊಲಿಸಿದವನನ್ನು ಕಂಡು ನಗುವ ನಾವು, ಒಂದೇ ಅಳತೆಯ ಬೆಳಕನ್ನು ನಿತ್ಯವೂ ತೊಟ್ಟುಕೊಂಡಿರುವೆವು.

ಹಿಂದೆ ಹೀಗಿರಲಿಲ್ಲ. ಚಳ್ಳಕೆರೆ ಮೊಳಕಾಲ್ಮುರು ಸೀಮೆಯ ಹಳ್ಳಿಗಳಲ್ಲಿ ಲಾಂದ್ರದ ಬೆಳಕಿನಲ್ಲಿ ಓದಿ ಬೆಳೆದ ನನ್ನ ವಯಸ್ಸಿನವರೆಲ್ಲರೂ ಬಲ್ಲರು: ಲಾಂದ್ರದ ಪಕ್ಕದಲ್ಲಿ ಒಂದು ಪುಟ್ಟ ಕಿವಿ ಇರುತ್ತಿತ್ತು. ಅದನ್ನು ಮುಂದಕ್ಕೆ ತಿರುಗಿಸಿದರೆ ಬತ್ತಿ ಏರುವುದು, ಹಿಂದಕ್ಕೆ ತಿರುಗಿಸಿದರೆ ಇಳಿಯುವುದು. ಊಟದ ಹೊತ್ತಿಗೆ ಏರಿಸಿದ ಬತ್ತಿಯನ್ನು ಮಲಗುವ ಹೊತ್ತಿಗೆ ಅಜ್ಜಿಯು ಇಳಿಸಿ, ತೊಟ್ಟಿಲ ಬಳಿ ಕಡಲೆಯಷ್ಟು ಜ್ವಾಲೆಯನ್ನು ಮಾತ್ರ ಉಳಿಸುತ್ತಿದ್ದಳು. ದೀಪವನ್ನು 'ಆರಿಸು' ಎನ್ನಬಾರದು, 'ಶಾಂತಮಾಡು' ಎನ್ನಬೇಕು ಎಂದು ಆಕೆ ಗದರಿಸುತ್ತಿದ್ದುದೂ ಉಂಟು. ಕೈಯೆಣ್ಣೆಯ ಹಣತೆಗಾದರೂ ಬತ್ತಿಯ ದಪ್ಪದಿಂದಲೂ ಎಳೆಗಳ ಸಂಖ್ಯೆಯಿಂದಲೂ ಬೆಳಕನ್ನು ಅಳೆದುಕೊಳ್ಳುವ ಉಪಾಯವಿತ್ತು. ಎಣ್ಣೆಯ ಮಿಲ್ಲುಗಳಿಂದಲೇ ಹೆಸರಾದ ಚಳ್ಳಕೆರೆಯಲ್ಲಿ ಇದನ್ನು ವಿಸ್ತರಿಸಿ ಹೇಳಬೇಕಾಗಿಲ್ಲ.

ಶಿವನಸಮುದ್ರದ ವಿದ್ಯುತ್ತು ೧೯೦೨ರಲ್ಲಿ ಕೋಲಾರದ ಚಿನ್ನದ ಗಣಿಗಳನ್ನು ಮುಟ್ಟಿತು; ೧೯೦೫ರ ಆಗಸ್ಟಿನಲ್ಲಿ ಬೆಂಗಳೂರಿನ ಬೀದಿಗಳಲ್ಲಿ ವಿದ್ಯುದ್ದೀಪಗಳು ಬೆಳಗಿದುವು. ಅಲ್ಲಿಂದ ಹಳ್ಳಿಹಳ್ಳಿಗೂ ಆ ಬೆಳಕು ಬರಲು ಬಹುಕಾಲ ಹಿಡಿಯಿತು. ಬಂದದ್ದು ಮಹೋಪಕಾರವೇ ಸರಿ. ಹೊಗೆಯಿಲ್ಲ, ಎಣ್ಣೆಯ ಚಿಂತೆಯಿಲ್ಲ, ಬೆಂಕಿಯ ಭಯವಿಲ್ಲ. ಆದರೆ ಲಾಂದ್ರದ ಆ ಪುಟ್ಟ ಕಿವಿ ಮಾತ್ರ ದಾರಿಯಲ್ಲೆಲ್ಲೋ ಕಳೆದುಹೋಯಿತು. ಈಗ ಸಾವಿರಾರು ರೂಪಾಯಿಗಳ ಬೆಲೆ ಕಟ್ಟಿ, 'ಸ್ಮಾರ್ಟ್ ಲೈಟಿಂಗ್' ಎಂಬ ಹೆಸರಿನಿಂದ ಅಂಗಡಿಗಳವರು ಮಾರುತ್ತಿರುವುದು ಬಹುಮಟ್ಟಿಗೆ ಕಳೆದುಹೋದ ಆ ಕಿವಿಯನ್ನೇ ಎಂದರೆ ತಪ್ಪಾಗಲಾರದು.

ಅಂಗಡಿಯವರು ಒಟ್ಟಾಗಿ ಕಟ್ಟಿಕೊಡುವ ಈ ಗಂಟಿನಲ್ಲಿ ವಾಸ್ತವವಾಗಿ ಎರಡು ವಸ್ತುಗಳಿವೆ. ಅವುಗಳನ್ನು ಬೇರೆಬೇರೆಯಾಗಿ ನೋಡುವುದು ಉತ್ತಮ. ಮೊದಲನೆಯದು ಬೆಳಕನ್ನು ಹೆಚ್ಚು ಕಡಮೆ ಮಾಡುವ ಉಪಕರಣ, ಅಂದರೆ ಡಿಮ್ಮರ್. ಇದಕ್ಕೆ 'ಮಂದೀಕಾರಕ'ವೆಂದು ನಾನೊಂದು ಹೆಸರಿಟ್ಟೆನು; ಮನೆಯವರು ನಕ್ಕರು; ಆದುದರಿಂದ ಡಿಮ್ಮರ್ ಎಂದೇ ಬರೆಯುವೆನು. ಎರಡನೆಯದು ಮನೆಯ ದೀಪಗಳನ್ನೆಲ್ಲ ಒಂದು ಸೂತ್ರದಲ್ಲಿ ಪೋಣಿಸಿ, ಫೋನಿನಿಂದಲೋ ಧ್ವನಿಯಿಂದಲೋ ಗಡಿಯಾರದಿಂದಲೋ ಆಳುವ ಏರ್ಪಾಡು. ಮೊದಲನೆಯದು ಹದ, ಎರಡನೆಯದು ಅಧಿಕಾರ. ಹದವು ಎಲ್ಲ ಮನೆಗಳಿಗೂ ಬೇಕೆಂದೂ, ಅಧಿಕಾರವು ಕೆಲವು ಮನೆಗಳಿಗೆ ಮಾತ್ರ ಬೇಕೆಂದೂ ನನ್ನ ಅಭಿಪ್ರಾಯ.

ಬೆಳಕಿನ ಹದವನ್ನು ಕುರಿತು ಮಾತನಾಡಬೇಕಾದರೆ ಮೊದಲು ಕಣ್ಣನ್ನು ಕುರಿತು ನಾಲ್ಕು ಮಾತು ಹೇಳಬೇಕು. ಮೇಲ್ಮೈಯ ಮೇಲೆ ಬೀಳುವ ಬೆಳಕನ್ನು ಶಾಸ್ತ್ರಜ್ಞರು 'ಲಕ್ಸ್' ಎಂಬ ಮಾನದಿಂದ ಅಳೆಯುವರು. ನಡುಹಗಲಿನ ಬಿಸಿಲು ಸುಮಾರು ಒಂದು ಲಕ್ಷ ಲಕ್ಸ್. ಹುಣ್ಣಿಮೆಯ ಬೆಳದಿಂಗಳು ಒಂದು ಲಕ್ಸಿನ ಕಾಲುಭಾಗದಷ್ಟು. ಇವೆರಡರಲ್ಲಿಯೂ ಕಾಣಬಲ್ಲ ಕಣ್ಣೆಂಬ ಇಂದ್ರಿಯವು ಎಂತಹ ಅದ್ಭುತವೆಂಬುದನ್ನು ವಾಚಕರೇ ಊಹಿಸಿಕೊಳ್ಳಬಹುದು. ಆದರೆ ಈ ಶಕ್ತಿಯು ವಯಸ್ಸಿನೊಡನೆ ಕುಗ್ಗುವುದು. ಪಾಪೆ ಕಿರಿದಾಗುವುದು, ಒಳಗಿನ ಮಸೂರವು ಹಳದಿಗಟ್ಟುವುದು. ಅರುವತ್ತು ವರ್ಷದವನ ಕಣ್ಣಿನ ಒಳಪರದೆಗೆ ಮುಟ್ಟುವ ಬೆಳಕು, ಇಪ್ಪತ್ತು ವರ್ಷದವನಿಗೆ ಮುಟ್ಟುವುದರ ಮೂರನೆಯ ಒಂದು ಪಾಲು ಮಾತ್ರವೆಂದು ಲೆಕ್ಕ. ಹೀಗಿರುವಲ್ಲಿ 'ನನಗೆ ಚೆನ್ನಾಗಿ ಕಾಣುತ್ತಿದೆಯಲ್ಲ, ನಿಮಗೇಕೆ ಕಾಣುವುದಿಲ್ಲ?' ಎಂದು ಮೊಮ್ಮಗನು ಅಜ್ಜನನ್ನು ಕೇಳುವುದು ನ್ಯಾಯವಲ್ಲ. ಅಜ್ಜನು ಕುಳಿತಿರುವ ಕೋಣೆ ಬೇರೆ, ಮೊಮ್ಮಗನು ಕುಳಿತಿರುವ ಕೋಣೆ ಬೇರೆ. ಇಬ್ಬರೂ ಒಂದೇ ದೀಪದ ಕೆಳಗೆ ಇದ್ದರೂ ಸಹ.

ಹಾಗೆಂದು ಎಲ್ಲ ಕಡೆಗೂ ಬೆಳಕನ್ನು ಸುರಿದರೆ ಸಾಕೆಂದು ತಿಳಿಯಬಾರದು. ಈಗಿನ ಬಿಳಿಯ ಎಲ್‌ಇಡಿ ದೀಪವು ಒಳಗೆ ನೀಲಿಯ ದೀಪವೇ; ಅದರ ಮೇಲೆ ಬಳಿದ ಹಳದಿಯ ದ್ರವ್ಯದಿಂದ ಅದು ಬಿಳಿದಾಗಿ ತೋರುವುದು. ಆ ನೀಲಿಯ ಡಯೋಡನ್ನು ಸಾಧಿಸಿದುದಕ್ಕಾಗಿಯೇ ಅಕಸಾಕಿ, ಅಮಾನೊ, ನಕಮುರಾ ಎಂಬ ಮೂವರು ವಿಜ್ಞಾನಿಗಳಿಗೆ ೨೦೧೪ರಲ್ಲಿ ನೊಬೆಲ್ ಪಾರಿತೋಷಕ ಬಂದಿತು. ಕಣ್ಣಿನ ಒಳಪರದೆಯಲ್ಲಿ, ನೋಡುವ ಕೆಲಸಕ್ಕಲ್ಲದೆ ಹಗಲಿರುಳುಗಳ ಸಮಾಚಾರವನ್ನು ಮೆದುಳಿಗೆ ತಿಳಿಸುವುದಕ್ಕೆಂದೇ ಇರುವ ಕೆಲವು ಜೀವಕೋಶಗಳು ೨೦೦೨ರ ಸುಮಾರಿಗೆ ಗೊತ್ತಾದುವು. ಅವು ನೀಲಿಯ ಬೆಳಕಿಗೆ ವಿಶೇಷವಾಗಿ ಎಚ್ಚರಗೊಳ್ಳುವುವು. ರಾತ್ರಿ ಹತ್ತು ಗಂಟೆಗೆ ಹಾಲಿನಷ್ಟು ಬೆಳ್ಳಗಿರುವ ಪ್ರಖರವಾದ ದೀಪದ ಕೆಳಗೆ ಕುಳಿತವನ ದೇಹಕ್ಕೆ ಇನ್ನೂ ಹಗಲೇ. ನಿದ್ರೆ ಬಾರದೆಂದು ವೈದ್ಯರ ಬಳಿಗೆ ಹೋಗುವ ಮೊದಲು ತಲೆಯ ಮೇಲಿನ ದೀಪವನ್ನು ಒಮ್ಮೆ ನೋಡಿಕೊಳ್ಳುವುದು ಒಳ್ಳೆಯದು. ದೀಪದ ಪೆಟ್ಟಿಗೆಯ ಮೇಲೆ ೬೫೦೦ ಕೆಲ್ವಿನ್ ಎಂದಿದ್ದರೆ ನೀಲಿ ಹೆಚ್ಚು; ೨೭೦೦ ಎಂದಿದ್ದರೆ ಹಳದಿ ಹೆಚ್ಚು. ಹಳೆಯ ತಂತಿಯ ಬಲ್ಬಾದರೋ ಮಂದವಾದಂತೆಲ್ಲ ತಾನೇ ಕೆಂಪಾಗುತ್ತಿತ್ತು. ಸಾಮಾನ್ಯವಾದ ಎಲ್‌ಇಡಿಗೆ ಆ ಸೌಜನ್ಯವಿಲ್ಲ. ಎಷ್ಟು ಇಳಿಸಿದರೂ ಅದೇ ಬಣ್ಣ. ಆದಕಾರಣ ಮಲಗುವ ಕೋಣೆಗೆ ಕೊಳ್ಳುವಾಗಲೇ ಹಳದಿಯದನ್ನು ಕೊಳ್ಳತಕ್ಕದ್ದು.

ಇಷ್ಟನ್ನು ಓದಿದವರು, 'ಇವೆಲ್ಲ ಬೆಂಗಳೂರಿನ ಬಂಗಲೆಗಳಿಗಾಯಿತು, ನಮ್ಮಂಥವರಿಗೇಕೆ?' ಎಂದು ಕೇಳಬಹುದು. ನಾನು ಹೇಳಬೇಕೆಂದಿರುವುದು ಇದಕ್ಕೆ ನೇರವಾಗಿ ವಿರುದ್ಧವಾದುದು. ಹತ್ತು ಕೋಣೆಗಳಿರುವ ಮನೆಯವನು ಒಂದು ಕೋಣೆಯಲ್ಲಿ ಓದಿ, ಇನ್ನೊಂದರಲ್ಲಿ ಉಂಡು, ಮತ್ತೊಂದರಲ್ಲಿ ಮಲಗಬಲ್ಲನು. ಗೋಡೆಗಳೇ ಅವನಿಗೆ ಬೆಳಕನ್ನು ಹಂಚಿಕೊಡುವುವು. ಒಂದೇ ಪಡಸಾಲೆಯಲ್ಲಿ ಎಲ್ಲವೂ ನಡೆಯಬೇಕಾದ ಮನೆಯವನಿಗೆ ದೀಪದ ಹದವಲ್ಲದೆ ಬೇರೆ ಗೋಡೆಯೇ ಇಲ್ಲ.

ಮೊಳಕಾಲ್ಮುರಿನ ರೇಷ್ಮೆಯ ಸೀರೆಯನ್ನು ತಿಳಿಯದವರು ನಮ್ಮ ನಾಡಿನಲ್ಲಿ ವಿರಳ. ಮೈಯ ಬಣ್ಣಕ್ಕೂ ಅಂಚಿನ ಬಣ್ಣಕ್ಕೂ ಎದ್ದು ಕಾಣುವ ಭೇದ, ಹೂವು ಹಣ್ಣು ಪಕ್ಷಿಗಳ ಬುಟ್ಟಾಗಳು, ಜರಿಯ ಸೆರಗು. ಭೌಗೋಳಿಕ ಸೂಚಿಯ ರಕ್ಷಣೆಯೂ ಅದಕ್ಕೆ ದೊರೆತಿರುವುದು. ಅಂಗಡಿಯಲ್ಲಿ ಸೀರೆಯನ್ನು ಬಿಡಿಸಿ ನೋಡುವವರಿಗೆ ಅದನ್ನು ನೇಯ್ದ ಮನೆಯ ಬೆಳಕು ಕಾಣುವುದಿಲ್ಲ. ನನ್ನ ಹಳೆಯ ವಿದ್ಯಾರ್ಥಿಯೊಬ್ಬನು ಅಲ್ಲಿ ನೇಕಾರನಾಗಿರುವನು. ಅವನ ಮನೆಯ ಪಡಸಾಲೆಯಲ್ಲಿ ಗೋಡೆಗೆ ಸೇರಿದಂತೆ ಕುಣಿಮಗ್ಗ. ಎದುರಿನ ಮೂಲೆಯಲ್ಲಿ ಹತ್ತನೆಯ ತರಗತಿಯ ಪರೀಕ್ಷೆಗೆ ಓದುತ್ತಿದ್ದ ಮಗಳು. ಇವರಿಬ್ಬರ ನಡುವೆ ಚಾಪೆಯ ಮೇಲೆ ಎರಡು ವರ್ಷದ ಕೂಸು ಮತ್ತು ಅದರ ತಾಯಿ. ಮಾಡಿನ ಮಧ್ಯದಲ್ಲಿ ಒಂದೇ ಒಂದು ಉದ್ದನೆಯ ಟ್ಯೂಬು. ಮದುವೆಯ ಕಾಲದಲ್ಲಿ ಬೇಡಿಕೆ ಹೆಚ್ಚಿ ರಾತ್ರಿಯೂ ಲಾಳಿ ಆಡಿದರೆ ಟ್ಯೂಬು ಉರಿಯಲೇಬೇಕು. ಟ್ಯೂಬು ಉರಿದರೆ ಕೂಸು ಮಲಗದು. ಕೂಸು ಅತ್ತರೆ ಮಗಳು ಓದಲಾರಳು. ಟ್ಯೂಬನ್ನು ಆರಿಸಿದರೆ ಆ ದಿನದ ಕೂಲಿ ಇಲ್ಲ. ಒಂದು ಗುಂಡಿಯ ಸುತ್ತ ಒಂದು ಸಂಸಾರದ ಕಲಹವೆಲ್ಲ ನಿಂತಿದ್ದಿತು. ಇಷ್ಟಾದರೂ ಮಗ್ಗದ ಮೇಲೆ ಬೀಳುತ್ತಿದ್ದ ಬೆಳಕು ಸಾಲದು. ಕಡುನೇರಿಳೆಯ ಎಳೆ ಯಾವುದು, ಕಪ್ಪಿನ ಎಳೆ ಯಾವುದು ಎಂದು ತಿಳಿಯಲು ಅವನು ಹಾಸಿನ ಮೇಲೆ ಮೂಗು ತಾಗುವಂತೆ ಬಗ್ಗುತ್ತಿದ್ದನು. ನಲವತ್ತು ದಾಟಿದ ನೇಕಾರನಿಗೆ ಕಣ್ಣೇ ಬಂಡವಾಳ. ಅದು ಕರಗಿದರೆ ಯಾವ ಬ್ಯಾಂಕೂ ಸಾಲವನ್ನು ಕೊಡಲಾರದು.

ಇಲ್ಲಿ ಬೆಳಕಿನ ಒಂದು ಸರಳವಾದ ನಿಯಮವು ಉಪಕಾರಕ್ಕೆ ಬಂದಿತು. ದೀಪಕ್ಕೂ ಕೆಲಸಕ್ಕೂ ಇರುವ ದೂರವನ್ನು ಅರ್ಧಕ್ಕೆ ಇಳಿಸಿದರೆ ಬೀಳುವ ಬೆಳಕು ಎರಡು ಪಟ್ಟಲ್ಲ, ನಾಲ್ಕು ಪಟ್ಟು ಆಗುವುದು. ಎಂಟು ಅಡಿ ಎತ್ತರದಲ್ಲಿ ಇರುವ ದೊಡ್ಡ ದೀಪಕ್ಕಿಂತ, ಮೂರು ಅಡಿ ಎತ್ತರದಲ್ಲಿ ತೂಗುಬಿಟ್ಟ ಚಿಕ್ಕ ದೀಪವೇ ಮಗ್ಗಕ್ಕೆ ಮೇಲು. ಅಂತೆಯೇ, ಮಗ್ಗದ ಮೇಲೆ ಒಂದು ಮರೆಯುಳ್ಳ ದೀಪವನ್ನು ತೂಗುಬಿಟ್ಟೆವು. ಮಗಳ ಮೂಲೆಗೆ ಒಂದು ಮೇಜಿನ ದೀಪ. ಮಾಡಿನ ಟ್ಯೂಬಿನ ಬದಲು ಮಂದವಾಗಬಲ್ಲ ಒಂದು ಹಳದಿಯ ಬಲ್ಬು, ಅದಕ್ಕೆ ಗೋಡೆಯಲ್ಲಿ ತಿರುಗಿಸುವ ಡಿಮ್ಮರ್. ಒಂಬತ್ತು ಗಂಟೆಯಾದ ಮೇಲೆ ಮಾಡಿನ ದೀಪವನ್ನು ಬಹಳವಾಗಿ ಇಳಿಸುವರು, ಆದರೆ ಪೂರ್ತಿಯಾಗಿ ಆರಿಸುವುದಿಲ್ಲ. ಇದರಲ್ಲಿ ಒಂದು ಮರ್ಮವಿರುವುದು. ಕತ್ತಲ ಕೋಣೆಯ ನಡುವೆ ಒಂದೇ ಕಡೆ ಪ್ರಖರವಾದ ಬೆಳಕಿದ್ದರೆ, ತಲೆಯೆತ್ತಿದಾಗಲೆಲ್ಲ ಕಣ್ಣಿನ ಪಾಪೆ ಹಿಗ್ಗಿ, ಬಗ್ಗಿದಾಗಲೆಲ್ಲ ಕುಗ್ಗಿ, ಬೇಗನೆ ದಣಿಯುವುದು. ಕೆಲಸದ ಮೇಲಿನ ಬೆಳಕಿನ ಮೂರನೆಯ ಒಂದು ಪಾಲಾದರೂ ಅದರ ಸುತ್ತಮುತ್ತ ಇರಬೇಕು, ದೂರದ ಮೂಲೆಗಳಲ್ಲಿ ಹತ್ತನೆಯ ಒಂದು ಪಾಲಾದರೂ ಇರಬೇಕು ಎಂಬುದು ಬೆಳಕಿನ ವ್ಯವಸ್ಥೆ ಮಾಡುವವರು ಅನುಸರಿಸುವ ಅಳತೆ. ಡಿಮ್ಮರಿನ ನಿಜವಾದ ಪ್ರಯೋಜನವು ಇಲ್ಲಿಯೇ; ಆರಿಸುವ ಗುಂಡಿಯಿಂದ ಇದು ಎಂದಿಗೂ ಆಗತಕ್ಕ ಕೆಲಸವಲ್ಲ. ಈ ಏರ್ಪಾಡಿನಲ್ಲಿ ಫೋನೂ ಇಲ್ಲ, ಇಂಟರ್ನೆಟ್ಟೂ ಇಲ್ಲ. ಕೂಸು ಮೊದಲನೆಯ ರಾತ್ರಿಯೇ ಮಲಗಿತೆಂದು ಹೇಳಿದರೆ ಉತ್ಪ್ರೇಕ್ಷೆಯಾದೀತು. ನಾಲ್ಕನೆಯ ರಾತ್ರಿಯಿಂದ ಮಲಗಿತು.

ಮಗ್ಗದ ದೀಪವನ್ನು ಆರಿಸಿಕೊಳ್ಳುವಾಗ ನೋಡಬೇಕಾದ ಇನ್ನೂ ಎರಡು ವಿಷಯಗಳುಂಟು. ಮೊದಲನೆಯದು ಬಣ್ಣಗಳ ಯಥಾರ್ಥತೆ. ದೀಪದ ಕೆಳಗೆ ಒಂದೇ ಆಗಿ ತೋರಿದ ಎರಡು ಎಳೆಗಳು ಬೆಳಗಾದ ಮೇಲೆ ಬಿಸಿಲಿನಲ್ಲಿ ಬೇರೆಯಾಗಿ ತೋರುವುದನ್ನು ನೇಕಾರರೆಲ್ಲರೂ ಬಲ್ಲರು. ಪೆಟ್ಟಿಗೆಯ ಮೇಲೆ 'ಸಿ.ಆರ್.ಐ.' ಎಂಬ ಅಂಕವನ್ನು ಮುದ್ರಿಸಿರುವರು. ನೂರಕ್ಕೆ ಹತ್ತಿರವಾದಷ್ಟೂ ಬಣ್ಣವು ನಿಜ. ಸಾಧಾರಣ ದೀಪಗಳಲ್ಲಿ ಅದು ೮೦ರ ಆಸುಪಾಸು. ಮಗ್ಗಕ್ಕೆ ೯೦ಕ್ಕೆ ಕಡಮೆಯಿಲ್ಲದುದು ಬೇಕು. ಎರಡನೆಯದು ಮಿಣುಕು. ಅನೇಕ ಅಗ್ಗದ ದೀಪಗಳು ಸೆಕೆಂಡಿಗೆ ನೂರು ಸಲ ಮಿಣುಕುವುವು. ಕಣ್ಣಿಗೆ ತೋರದಿದ್ದರೂ ತಲೆನೋವಿಗೆ ತೋರುವುದು. ಮಂದಗೊಳಿಸಿದಾಗ ಈ ದೋಷವು ಇನ್ನೂ ಹೆಚ್ಚುವುದುಂಟು. ತಿರುಗುವ ಯಂತ್ರದ ಬಳಿಯಲ್ಲಂತೂ ಇದು ಅಪಾಯಕರ. ಓಡುತ್ತಿರುವ ಚಕ್ರವು ನಿಂತಿರುವಂತೆ ಭ್ರಮೆ ಹುಟ್ಟಿಸಬಲ್ಲುದು. ಚಳ್ಳಕೆರೆಯ ಬಳಿಯ ಕುದಾಪುರದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಎರಡನೆಯ ಆವರಣವಿರುವುದಷ್ಟೆ. ಅಲ್ಲಿ ಶಾಲಾ ಉಪಾಧ್ಯಾಯರಿಗೆ ನಡೆಯುವ ತರಬೇತಿಗೆ ಹೋಗಿಬಂದ ನನ್ನ ಸಹೋದ್ಯೋಗಿಯೊಬ್ಬರು ಒಂದು ಸುಲಭವಾದ ಪರೀಕ್ಷೆಯನ್ನು ಮಾಡಿ ತೋರಿಸಿದರು. ದೀಪದ ಮುಂದೆ ಪೆನ್ಸಿಲನ್ನು ಬೇಗಬೇಗನೆ ಆಡಿಸಬೇಕು. ಒಂದೇ ಮಸುಕಾದ ಬೀಸಣಿಗೆಯಂತೆ ಕಂಡರೆ ದೀಪವು ಒಳ್ಳೆಯದು. ಬಿಡಿಬಿಡಿಯಾದ ಅನೇಕ ಪೆನ್ಸಿಲುಗಳು ಕಂಡರೆ ಆ ದೀಪವನ್ನು ಅಂಗಡಿಯಲ್ಲಿಯೇ ಬಿಟ್ಟುಬರುವುದು.

ರೇಷ್ಮೆಯ ಮಾತಾಯಿತು, ಚಳ್ಳಕೆರೆಯ ಕಂಬಳಿಯ ಮಾತನ್ನು ಬಿಟ್ಟರೆ ಆ ಊರಿನವರು ನನ್ನನ್ನು ಕ್ಷಮಿಸಲಾರರು. ಕರಿಯ ಉಣ್ಣೆಯು ತನ್ನ ಮೇಲೆ ಬಿದ್ದ ಬೆಳಕಿನ ಬಹುಭಾಗವನ್ನು ನುಂಗಿಬಿಡುವುದು. ಬಿಳಿಯ ಹತ್ತಿಯ ಮೇಲೆ ಸಾಕಾದ ಬೆಳಕು ಕರಿಯ ಕಂಬಳಿಯ ಮೇಲೆ ಏನೇನೂ ಸಾಲದು. ಹಲವು ಪಟ್ಟು ಹೆಚ್ಚು ಬೇಕು. ಆದುದರಿಂದಲೇ ಅದು ಹಗಲಿನ ಕಸಬು. ಬೆಳಕಿನ ಅಳತೆಯು ಮನೆಯನ್ನಾಗಲಿ ಸಿರಿತನವನ್ನಾಗಲಿ ಅವಲಂಬಿಸಿಲ್ಲ, ಕೈಯಲ್ಲಿರುವ ಕೆಲಸವನ್ನು ಅವಲಂಬಿಸಿದೆ.

ಈಗ ಡಿಮ್ಮರ್ ಎಂಬುದು ಕೆಲಸ ಮಾಡುವ ಬಗೆ. ಹಳೆಯ ನಾಟಕಶಾಲೆಗಳಲ್ಲಿ ಉಪ್ಪುನೀರಿನ ಪೀಪಾಯಿಯೊಳಗೆ ಲೋಹದ ತಗಡುಗಳನ್ನು ಇಳಿಸಿ ಏರಿಸಿ ರಂಗದ ದೀಪಗಳನ್ನು ಮಂದಗೊಳಿಸುತ್ತಿದ್ದರು. ತಡೆಯಲ್ಪಟ್ಟ ವಿದ್ಯುತ್ತೆಲ್ಲ ಬಿಸಿಯಾಗಿ ವ್ಯರ್ಥವಾಗುತ್ತಿತ್ತು. ಅಮೆರಿಕದ ಜೋಯೆಲ್ ಸ್ಪೈರಾ ಎಂಬಾತನು ೧೯೫೯ರಲ್ಲಿ, ಮನೆಯ ಗೋಡೆಯ ಪೆಟ್ಟಿಗೆಯಲ್ಲಿಯೇ ಅಡಗುವಷ್ಟು ಚಿಕ್ಕದಾದ ಘನಸ್ಥಿತಿಯ ಡಿಮ್ಮರನ್ನು ರಚಿಸಿದನು. ೧೯೬೧ರಲ್ಲಿ ಅದನ್ನು ತಯಾರಿಸಲು ಲೂಟ್ರಾನ್ ಎಂಬ ಸಂಸ್ಥೆಯನ್ನು ಸ್ಥಾಪಿಸಿದನು. ಇದರ ಉಪಾಯವೇ ಬೇರೆ. ನಮ್ಮ ವಿದ್ಯುತ್ತು ಸೆಕೆಂಡಿಗೆ ೫೦ ಸಲ ಹಿಂದುಮುಂದಾಗಿ ತೂಗುವುದು. ಅಂದರೆ ೧೦೦ ಅರೆ ಅಲೆಗಳು. ಡಿಮ್ಮರ್ ಪ್ರತಿಯೊಂದು ಅರೆ ಅಲೆಯ ಒಂದು ತುಂಡನ್ನು ಕತ್ತರಿಸಿ ಉಳಿದುದನ್ನು ದೀಪಕ್ಕೆ ಬಡಿಸುವುದು. ಇದರಲ್ಲಿ ವ್ಯರ್ಥವಾಗುವುದು ಅತ್ಯಲ್ಪ.

ತಂತಿಯ ಬಲ್ಬು ಈ ಕತ್ತರಿಸಿದ ಊಟವನ್ನು ತಕರಾರಿಲ್ಲದೆ ಉಣ್ಣುತ್ತಿತ್ತು. ಎಲ್‌ಇಡಿಯ ಒಳಗಾದರೋ ಒಂದು ಚಿಕ್ಕ ಯಂತ್ರಾಂಗವಿದ್ದು, ಪೂರ್ಣವಾದ ಅಲೆಯನ್ನೇ ಅದು ಅಪೇಕ್ಷಿಸುವುದು. ೨೦೧೫ರಲ್ಲಿ ಉಜಾಲಾ ಯೋಜನೆಯು ಆರಂಭವಾದ ಮೇಲೆ ಮನೆಮನೆಗೂ ಬಂದ ಅಗ್ಗದ ೯ ವಾಟ್ ಬಲ್ಬುಗಳು ಮಂದವಾಗುವುದಕ್ಕೆಂದು ಮಾಡಿದುವಲ್ಲ. ಅವುಗಳನ್ನು ಡಿಮ್ಮರಿಗೆ ಹಾಕಿದರೆ ನಡುಗುವುವು, ಗುಂಯ್‌ಗುಟ್ಟುವುವು, ಅಲ್ಪಾಯುಗಳಾಗುವುವು. ಪೆಟ್ಟಿಗೆಯ ಮೇಲೆ 'ಡಿಮ್ಮಬಲ್' ಎಂಬ ಮಾತು ಇದ್ದರೆ ಮಾತ್ರ ಕೊಳ್ಳಬೇಕು. ಡಿಮ್ಮರ್ ಸಹ ಎಲ್‌ಇಡಿಗೆ ಹೊಂದುವಂಥದೇ ಆಗಿರಬೇಕು. ಕೆಲವರು ಫ್ಯಾನಿನ ರೆಗ್ಯುಲೇಟರನ್ನೇ ದೀಪಕ್ಕೆ ಜೋಡಿಸುವರು. ಇದು ಎತ್ತಿನ ಮೂಗುದಾರವನ್ನು ಬೆಕ್ಕಿಗೆ ಹಾಕಿದಂತೆ. ಚೌಕದ ಅಲೆಯನ್ನು ಕೊಡುವ ಅಗ್ಗದ ಇನ್ವರ್ಟರುಗಳ ಮೇಲೆಯೂ ಡಿಮ್ಮರುಗಳು ಸರಿಯಾಗಿ ನಡೆಯವು. ವಿದ್ಯುತ್ತು ಪದೇಪದೇ ಹೋಗುವ ಊರಿನವರು ಇದನ್ನು ಮೊದಲೇ ವಿಚಾರಿಸಿಕೊಳ್ಳತಕ್ಕದ್ದು.

ತಿರುಪಿನ ವಿಷಯದಲ್ಲಿ ಒಂದು ಸ್ವಾರಸ್ಯ. ಉಪಕರಣದಿಂದ ಅಳೆದ ಬೆಳಕನ್ನು ಕಾಲುಭಾಗಕ್ಕೆ ಇಳಿಸಿದರೆ ಕಣ್ಣಿಗೆ ಅದು ಅರ್ಧಕ್ಕೆ ಇಳಿದಂತೆ ತೋರುವುದು. ಹತ್ತನೆಯ ಒಂದು ಪಾಲಿಗೆ ಇಳಿಸಿದರೂ ಮೂರನೆಯ ಒಂದು ಪಾಲು ಉಳಿದಂತೆ ತೋರುವುದು. ನಮ್ಮ ಕಣ್ಣು ಅಷ್ಟು ಉದಾರ. ಆದುದರಿಂದ ಶೇಕಡಾ ಹತ್ತಕ್ಕಿಂತ ಕೆಳಗೆ ಇಳಿಯಲಾರದ ಡಿಮ್ಮರ್ ತೊಟ್ಟಿಲ ಬಳಿಗೆ ಪ್ರಯೋಜನವಿಲ್ಲ.

ಇನ್ನು ಮನೆಯ ಸಮಸ್ತ ದೀಪಗಳನ್ನೂ ಒಂದು ಸೂತ್ರದಲ್ಲಿ ಪೋಣಿಸುವ ಎರಡನೆಯ ವಸ್ತು. ಇದನ್ನು ನಾನು ನೋಡಿದುದು ಚಳ್ಳಕೆರೆಯಲ್ಲಿರುವ ನನ್ನ ಸೋದರತ್ತೆಯ ಮನೆಯಲ್ಲಿ. ಆಕೆಗೆ ಎಂಬತ್ತರ ಹತ್ತಿರ ವಯಸ್ಸು, ಒಬ್ಬಳೇ ಇರುವಳು. ಬೆಂಗಳೂರಿನಲ್ಲಿ ಉದ್ಯೋಗದಲ್ಲಿರುವ ಮಗನು, ತಾಯಿ ಕತ್ತಲಲ್ಲಿ ಎಡವಿ ಬೀಳಬಾರದೆಂಬ ಕಾಳಜಿಯಿಂದ, ಹದಿನಾಲ್ಕು ಸ್ಮಾರ್ಟ್ ಬಲ್ಬುಗಳನ್ನು ತರಿಸಿ ಮನೆಯೆಲ್ಲ ಹಾಕಿಸಿದನು. ಮಾತನ್ನು ಕೇಳಿ ದೀಪ ಹಚ್ಚುವ ಒಂದು ಪೆಟ್ಟಿಗೆಯೂ ಬಂದಿತು. ಅತ್ತೆಯು ಇಂಗ್ಲಿಷಿನ ಐದು ಆಜ್ಞೆಗಳನ್ನು ಕಂಠಪಾಠ ಮಾಡಿದಳು. ಸಂಧ್ಯಾಕಾಲದಲ್ಲಿ ಆಕೆ ದೇವರ ಮುಂದೆ ಕನ್ನಡದಲ್ಲಿಯೂ ಪೆಟ್ಟಿಗೆಯ ಮುಂದೆ ಇಂಗ್ಲಿಷಿನಲ್ಲಿಯೂ ಮಾತನಾಡುವುದನ್ನು ನೋಡಲು ನೆರೆಹೊರೆಯವರು ಬರುತ್ತಿದ್ದರು. ಆದರೆ ಸ್ಮಾರ್ಟ್ ಬಲ್ಬಿಗೆ ಒಂದು ನಿಯಮವಿರುವುದು: ಗೋಡೆಯ ಗುಂಡಿ ಸದಾ ಒತ್ತಿಯೇ ಇರಬೇಕು. ಅದನ್ನು ಆರಿಸಿದರೆ ಬಲ್ಬು ನಿರ್ಜೀವ. ಫೋನೂ ಅದನ್ನು ಎಬ್ಬಿಸಲಾರದು. ಅದಕ್ಕಾಗಿ ಮಗನು ಗುಂಡಿಗಳ ಮೇಲೆಲ್ಲ ಅಂಟುಪಟ್ಟಿಯನ್ನು ಹಚ್ಚಿ, 'ಮುಟ್ಟಬೇಡಮ್ಮ' ಎಂದು ಹೇಳಿಹೋಗಿದ್ದನು.

ಒಂದು ದಿನ ರಸ್ತೆ ಅಗೆಯುವವರ ಕೈಯಲ್ಲಿ ಕೇಬಲು ತುಂಡಾಗಿ ಇಂಟರ್ನೆಟ್ಟು ನಿಂತಿತು. ಆಜ್ಞೆಯು ಆ ಪೆಟ್ಟಿಗೆಯಿಂದ ಎಲ್ಲಿಯೋ ದೂರದಲ್ಲಿರುವ ಗಣಕಯಂತ್ರಕ್ಕೆ ಹೋಗಿ, ಅಲ್ಲಿಂದ ಅಪ್ಪಣೆಯಾಗಿ ಮನೆಯ ದೀಪಕ್ಕೆ ಹಿಂದಿರುಗಬೇಕಾದ ಏರ್ಪಾಡು ಅದು. ಪೆಟ್ಟಿಗೆ ಏನೋ ಇಂಗ್ಲಿಷಿನಲ್ಲಿ ಕ್ಷಮಾಪಣೆ ಕೇಳಿತಂತೆ. ಅತ್ತೆಯು ಎರಡು ರಾತ್ರಿ ದೇವರ ಮನೆಯ ನಂದಾದೀಪದ ಬೆಳಕಿನಲ್ಲಿಯೇ ಗೋಡೆ ಹಿಡಿದುಕೊಂಡು ಓಡಾಡಿದಳು. ಕೈಗೆ ತಾಗುತ್ತಿದ್ದ ಗುಂಡಿಯನ್ನು ಮುಟ್ಟಲಿಲ್ಲ; ಮಗನು ಬೇಡವೆಂದಿದ್ದನಲ್ಲ! ಗುಂಡಿಯನ್ನು ಒಮ್ಮೆ ಆರಿಸಿ ಹಾಕಿದರೆ ಅಂಥ ಬಲ್ಬು ಸಾಮಾನ್ಯವಾಗಿ ತಾನಾಗಿಯೇ ಪೂರ್ತಿಯಾಗಿ ಹೊತ್ತಿಕೊಳ್ಳುವುದು ಎಂಬ ಒಂದು ಮಾತನ್ನು ಆಕೆಗೆ ಯಾರೂ ಹೇಳಿರಲಿಲ್ಲ.

ಇದು ಒಂದು ಮನೆಯ ವಿಚಾರವೆಂದು ತಳ್ಳಿಹಾಕಬಾರದು. ೨೦೨೨ರ ಏಪ್ರಿಲ್ ತಿಂಗಳಲ್ಲಿ ಅಮೆರಿಕದ ಇನ್‌ಸ್ಟಿಯಾನ್ ಎಂಬ ಸಂಸ್ಥೆಯ ದೂರಗಣಕಗಳು ಮುನ್ಸೂಚನೆಯಿಲ್ಲದೆ ಮುಚ್ಚಿಹೋಗಿ, ಅದರ ದೀಪವ್ಯವಸ್ಥೆಯನ್ನು ಮನೆಗೆ ಹಾಕಿಸಿಕೊಂಡವರ ಫೋನಿನ ಅಪ್ಪಣೆಗಳು ನಿಂತುಹೋದುವು. ಬಳಕೆದಾರರೇ ಕೆಲವರು ಸೇರಿ ಸಂಸ್ಥೆಯನ್ನು ಕೊಂಡುಕೊಂಡ ಮೇಲೆ ಅದಕ್ಕೆ ಪುನರ್ಜೀವ ಬಂದಿತು. ಮನೆಯ ದೀಪದ ಬತ್ತಿಯನ್ನು ಏಳು ಸಮುದ್ರದಾಚೆ ಇರಿಸುವುದು ವಿವೇಕವಲ್ಲ. ಇದನ್ನರಿತೇ, ೨೦೨೨ರ ಅಕ್ಟೋಬರಿನಲ್ಲಿ ಹಲವು ಸಂಸ್ಥೆಗಳು ಸೇರಿ 'ಮ್ಯಾಟರ್' ಎಂಬ ಒಂದು ಸಮಾನ ನಿಯಮಾವಳಿಯನ್ನು ಹೊರಡಿಸಿದುವು. ಅದರಂತೆ ಮಾಡಿದ ಉಪಕರಣಗಳು ಬೇರೆಬೇರೆ ತಯಾರಕರವಾದರೂ ಮನೆಯೊಳಗೇ ಪರಸ್ಪರ ಮಾತನಾಡಿಕೊಳ್ಳಬಲ್ಲವು. 'ಇಂಟರ್ನೆಟ್ಟು ಇಲ್ಲದಿರುವಾಗ ಗೋಡೆಯ ಗುಂಡಿ ನಡೆಯುವುದೇ?' ಎಂಬುದು ಕೊಳ್ಳುವವರು ಅಂಗಡಿಯಲ್ಲಿ ಕೇಳಬೇಕಾದ ಮೊದಲನೆಯ ಪ್ರಶ್ನೆ. ಅಂಗಡಿಯವನು ತಡವರಿಸಿದರೆ ಉತ್ತರವು ತಿಳಿದಂತೆಯೇ.

ಅತ್ತೆಯ ಮನೆಯನ್ನು ಆಮೇಲೆ ಸರಿಪಡಿಸಿದ ರೀತಿಯನ್ನು ಹೇಳುವೆನು. ಬುದ್ಧಿಯನ್ನು ಬಲ್ಬಿನಿಂದ ತೆಗೆದು ಗುಂಡಿಯ ಹಿಂದೆ ಇರಿಸಿದರು. ಗೋಡೆಯ ಪೆಟ್ಟಿಗೆಯೊಳಗೆ ಬೆಂಕಿಪೊಟ್ಟಣದಷ್ಟು ಚಿಕ್ಕದಾದ ಒಂದು ಡಿಮ್ಮರ್ ಕುಳಿತಿರುವುದು; ಬಲ್ಬು ಕೇವಲ ಮಂದವಾಗಬಲ್ಲ ಸಾಧಾರಣ ಬಲ್ಬು. ಗುಂಡಿಯನ್ನು ಒತ್ತಿದರೆ ದೀಪ ಹತ್ತುವುದು; ಒತ್ತಿ ಹಿಡಿದರೆ ಏರುವುದು, ಇಳಿಯುವುದು. ಇಂಟರ್ನೆಟ್ಟು ಇದ್ದರೆ ಬೆಂಗಳೂರಿನ ಮಗನೂ ನೋಡಿಕೊಳ್ಳಬಹುದು. ಇಲ್ಲದಿದ್ದರೂ ತಾಯಿಗೆ ಕೊರತೆಯಿಲ್ಲ. ಅಂಟುಪಟ್ಟಿಗಳನ್ನು ಆಕೆಯೇ ಕಿತ್ತುಹಾಕಿದಳು. ಇಂಥ ಉಪಕರಣಗಳಲ್ಲಿ ಬಹುಪಾಲಿಗೆ ಗುಂಡಿಯ ಪೆಟ್ಟಿಗೆಯಲ್ಲಿ ನ್ಯೂಟ್ರಲ್ ತಂತಿ ಬೇಕು. ಹಳೆಯ ಮನೆಗಳಲ್ಲಿ ಅದು ಇರುವುದೂ ಉಂಟು, ಇಲ್ಲದಿರುವುದೂ ಉಂಟು. ವೈರಿಂಗಿನವನಿಗೆ ಮೊದಲು ಪೆಟ್ಟಿಗೆಯನ್ನು ತೆರೆದು ನೋಡಲು ಹೇಳಿ, ಆಮೇಲೆ ಸಾಮಾನನ್ನು ಕೊಳ್ಳುವುದು ಜಾಣತನ.

ಸ್ಮಾರ್ಟ್ ಬಲ್ಬನ್ನೇ ಇಟ್ಟುಕೊಳ್ಳುವವರಿಗೆ ಒಂದು ಎಚ್ಚರಿಕೆ. ರಾತ್ರಿ ಎರಡು ಗಂಟೆಗೆ ಹೋದ ವಿದ್ಯುತ್ತು ಮೂರು ಗಂಟೆಗೆ ಬಂದಾಗ ಇವುಗಳಲ್ಲಿ ಅನೇಕವು ಆರಿದ್ದುದನ್ನು ಮರೆತು, ಪೂರ್ಣಪ್ರಕಾಶದಿಂದ ಒಟ್ಟಿಗೆ ಹೊತ್ತಿಕೊಳ್ಳುವುವು. ಮಲಗಿದ್ದ ಮನೆಯೆಲ್ಲ ಬೆಳಗಾಯಿತೆಂದು ಎದ್ದು ಕೂರುವುದು. 'ವಿದ್ಯುತ್ತು ಬಂದಾಗ ಹಿಂದಿದ್ದ ಸ್ಥಿತಿಯಲ್ಲಿಯೇ ಇರು' ಎಂದು ಹೇಳುವ ಸೌಕರ್ಯವು ಒಳ್ಳೆಯ ಬಲ್ಬುಗಳಲ್ಲಿರುವುದು; ಮೊದಲನೆಯ ದಿನವೇ ಅದನ್ನು ಗೊತ್ತುಮಾಡತಕ್ಕದ್ದು. ಡಿಮ್ಮರಿನ ಮೇಲೆ ಸ್ಮಾರ್ಟ್ ಬಲ್ಬನ್ನು ಎಂದಿಗೂ ಹಾಕಬಾರದು. ಇಬ್ಬರು ಅತ್ತೆಯರ ಮನೆಯ ಸೊಸೆಯಂತೆ ಅದು ಯಾರ ಮಾತನ್ನೂ ಕೇಳಲಾರದು.

ಖರ್ಚಿನ ಮಾತು. ಮಂದಗೊಳಿಸಿದರೆ ಹಣ ಉಳಿಯುವುದೆಂದು ಜಾಹೀರಾತುಗಳು ಹೇಳುವುವು. ಲೆಕ್ಕ ಹಾಕಿ ನೋಡೋಣ. ೯ ವಾಟ್ ಬಲ್ಬನ್ನು ಅರ್ಧಕ್ಕೆ ಇಳಿಸಿ ದಿನಕ್ಕೆ ಐದು ಗಂಟೆ ಉರಿಸಿದರೆ ತಿಂಗಳಿಗೆ ಉಳಿಯುವುದು ಒಂದು ಯೂನಿಟ್ಟಿನ ಮೂರನೆಯ ಎರಡು ಪಾಲು. ಸ್ಮಾರ್ಟ್ ಬಲ್ಬಾದರೆ ಆರಿರುವಾಗಲೂ ಅಪ್ಪಣೆಗಾಗಿ ಕಿವಿಗೊಟ್ಟುಕೊಂಡು ಅರ್ಧ ವಾಟಿನಷ್ಟು ತಿನ್ನುತ್ತಿರುವುದು. ಹಗಲಿರುಳೆಲ್ಲ ಸೇರಿ ತಿಂಗಳಿಗೆ ಯೂನಿಟ್ಟಿನ ಮೂರನೆಯ ಒಂದು ಪಾಲಿಗೂ ಮೀರಿತು. ಉಳಿಸಿದುದರ ಅರ್ಧವನ್ನು ಕಾವಲುಗಾರನೇ ತಿಂದಂತಾಯಿತು. ಅದರ ಮೇಲೆ, ೨೦೨೩ರಿಂದ ಗೃಹಜ್ಯೋತಿ ಯೋಜನೆಯಲ್ಲಿ ೨೦೦ ಯೂನಿಟ್ಟಿನ ಮಿತಿಯೊಳಗೆ, ಹಿಂದಿನ ಬಳಕೆಯ ಸರಾಸರಿಯನ್ನು ನೋಡಿ, ಗೃಹಸ್ಥರಿಗೆ ಶುಲ್ಕವೇ ಇಲ್ಲದಿರುವಾಗ ಈ ಉಳಿತಾಯವು ಯಾವ ಲೆಕ್ಕಕ್ಕೂ ಬಾರದು. ಹಣ ಉಳಿಯುವುದೆಂದು ಇದನ್ನು ಕೊಳ್ಳುವವರು ನಿರಾಶರಾಗುವರು. ಕಣ್ಣಿಗೂ ನಿದ್ರೆಗೂ ಬೆಲೆ ಕಟ್ಟಬಲ್ಲವರು ಮಾತ್ರ ಕೊಳ್ಳಲಿ. ಅದೂ ಒಮ್ಮೆಲೇ ಮನೆಗೆಲ್ಲ ಬೇಡ. ಮೊದಲು ಒಂದು ಕೋಣೆಗೆ ಒಂದು ತಿರುಪು. ಕೆಲವು ನೂರು ರೂಪಾಯಿಗಳಲ್ಲಿ ಆಗುವ ಕೆಲಸವದು.

ವೃದ್ಧರಿರುವ ಮನೆಯಲ್ಲಿಯಾದರೆ ಆ ಒಂದು ಕೋಣೆಯನ್ನು ಆರಿಸುವುದು ಕಷ್ಟವಲ್ಲ. ಹಾಸಿಗೆಯಿಂದ ಬಚ್ಚಲಿಗೆ ಹೋಗುವ ದಾರಿಯಲ್ಲಿ, ಮೊಣಕಾಲಿನ ಎತ್ತರದಲ್ಲಿ, ಕಣ್ಣಿಗೆ ನೇರವಾಗಿ ಹೊಡೆಯದಂತೆ ಒಂದು ಹಳದಿಯ ದೀಪವಿರಲಿ. ನಡೆದಾಟವನ್ನು ಕಂಡು ತಾನೇ ಹೊತ್ತಿಕೊಂಡು, ಹತ್ತನೆಯ ಒಂದು ಪಾಲಿನಷ್ಟು ಮಾತ್ರ ಬೆಳಗಿ, ಎರಡು ನಿಮಿಷದ ಮೇಲೆ ಶಾಂತವಾಗುವಂಥದು. ಇದಕ್ಕೆ ಇಂಟರ್ನೆಟ್ಟು ಬೇಡ. ಸೋದರತ್ತೆಯ ಮನೆಯಲ್ಲಿ ಹಾಕಿಸಿದ ಹದಿನಾಲ್ಕು ದೀಪಗಳ ಪೈಕಿ ಆಕೆ ನಿತ್ಯ ಹೊಗಳುವುದು ಇದೊಂದನ್ನೇ. ಯಾವ ದೀಪಕ್ಕೆ ಯಾವ ಗುಂಡಿ, ಕೆಟ್ಟರೆ ಏನು ಮಾಡಬೇಕು, ವೈರಿಂಗಿನವನ ಫೋನಿನ ಸಂಖ್ಯೆ ಯಾವುದು ಎಂಬುದನ್ನೆಲ್ಲ ದಪ್ಪವಾದ ಕನ್ನಡದ ಅಕ್ಷರಗಳಲ್ಲಿ ಒಂದು ರಟ್ಟಿನ ಮೇಲೆ ಬರೆದು ಮೀಟರಿನ ಪಕ್ಕದಲ್ಲಿ ತೂಗುಹಾಕಿದೆವು. ಬರೆದುಕೊಟ್ಟವಳು ಮೊಳಕಾಲ್ಮುರಿನ ಆ ನೇಕಾರನ ಮಗಳು. ಪರೀಕ್ಷೆ ಮುಗಿದು ಚಳ್ಳಕೆರೆಯಲ್ಲಿ ಕಾಲೇಜಿಗೆ ಸೇರಲು ಬಂದಿದ್ದಳು.